ಕಾದಂಬರಿ ಓದುವುದು ಪಾಪವೇ, ಫಾದರ್?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಮ್ಮ ಕ್ರೈಸ್ತ ಕುಟುಂಬಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿಕೊಂಡಿವೆ. ಒಂದು ಭಾನುವಾರ ಜೇವರ್ಗಿ ಕಡೆಯ ಒಂದು ಊರಿನಲ್ಲಿ ಬಲಿಪೂಜೆ ಮುಗಿಸಿ, ಇನ್ನೊಂದು ಊರಿಗೆ ಹೊರಡಲು ಮೋಟಾರ್ ಸೈಕಲ್ ಹತ್ತುತ್ತಿದ್ದೆ. ಸುಮಾರು ಮೂವತ್ತೈದು ವಯಸ್ಸಿನ ಒಬ್ಬ ತಾಯಿ ಸೆರಗಿನಡಿ ಇಟ್ಟುಕೊಂಡಿದ್ದ ನೋಟ್‌ಬುಕ್ಕೊಂದನ್ನು ಹೊರತೆಗೆದು ಕೇಳಿದರು:

"ಫಾದರ್, ಕಾದಂಬರಿ ಓದೂದು ಪಾಪ ಏನ್ರಿ? ನಮ್ಮತ್ತಿಯವರು ದಿನಾ ಬೈಲತ್ತಾರ್ರಿ. ಗಂಡ ಊರಾಗ ಇಲ್ಲ, ನೀ ಕುಂತು ಪ್ರೇಮದ ಕಥಿ ಓದ್ತೀ, ಖೂನಿ ಕಥಿ ಓದ್ತೀ ಅಂತಾರ್ರಿ."

ಆಕೆಯ ಗಂಡ ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದಾರೆ. ತೊಗರಿ ರಾಶಿಯ ಹೊತ್ತಿಗೆ ಒಮ್ಮೆ, ಕ್ರಿಸ್ಮಸ್ಸಿಗೆ ಒಮ್ಮೆ ಊರಿಗೆ ಬರುತ್ತಾರೆ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು, ಎರಡು ಎಕರೆ ಒಣ ಬೇಸಾಯ. ಹಗಲೆಲ್ಲ ದುಡಿದು, ರಾತ್ರಿ ಮಕ್ಕಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಆಕೆ ಓದುತ್ತಾರೆ. ಪಂಚಾಯತಿ ಗ್ರಂಥಾಲಯದಿಂದ ತಂದ ಪುಸ್ತಕ, ಇಲ್ಲವೇ ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಧಾರಾವಾಹಿ. ಓದಿದ ಪ್ರತಿಯೊಂದರ ಬಗ್ಗೆಯೂ ಮೂರು ನಾಲ್ಕು ಸಾಲು ಅಭಿಪ್ರಾಯವನ್ನು ಆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ.

"ಮೊದಲು ಇದನ್ನು ಓದುತ್ತೇನೆ ತಂಗಿ, ಆಮೇಲೆ ಹೇಳುತ್ತೇನೆ" ಎಂದು ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವೊಂದಿತ್ತು: 'ಒಳ್ಳೆಯದನ್ನು ಓದು, ಕೆಟ್ಟದ್ದನ್ನು ಬಿಡು.' ಅದು ಸುಳ್ಳಲ್ಲ, ಆದರೆ ಅದರಿಂದ ಯಾರಿಗೂ ದಾರಿ ಕಾಣುವುದಿಲ್ಲ. ಧರ್ಮಸಭೆಯೂ ಒಂದು ಕಾಲಕ್ಕೆ ಪಟ್ಟಿ ಮಾಡಿ ಉತ್ತರ ಕೊಡಲು ಯತ್ನಿಸಿತ್ತು. 1559ರಲ್ಲಿ ಆರಂಭವಾದ ನಿಷೇಧಿತ ಗ್ರಂಥಗಳ ಪಟ್ಟಿಯನ್ನು 1966ರಲ್ಲಿ ಕೈಬಿಡಲಾಯಿತು. ಪಟ್ಟಿ ಹೋಯಿತು, ಆದರೆ ವಿವೇಚನೆಯ ಹೊಣೆ ಹೋಗಲಿಲ್ಲ. ಅದು ಓದುವವನ ಮನಸ್ಸಾಕ್ಷಿಯ ಮೇಲೆಯೇ ಬಂದು ನಿಂತಿತು.

ನನ್ನ ಮನಸ್ಸಾಕ್ಷಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಕಿರಿಯ ಗುರುಮಠದಲ್ಲಿ ಓದುತ್ತಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಲ್ಯಾಟಿನ್ ವ್ಯಾಕರಣದ ಪುಸ್ತಕದೊಳಗಿಟ್ಟು ಓದಿದವನು ನಾನು. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಕನ್ನಡದ ಎಷ್ಟೋ ಸಾಮಾನ್ಯ ಜನರ ಕೈಗೆ ಮೊದಲ ಬಾರಿಗೆ ಪುಸ್ತಕ ಹಿಡಿಸಿ, 2011ರಲ್ಲಿ ತೀರಿಕೊಂಡರು. ಅವರ ಪುಸ್ತಕ ಹಿಡಿದು ಸಿಕ್ಕಿಬಿದ್ದ ದಿನ ನನಗೆ ಊಟದ ಮನೆಯಲ್ಲಿ ಮೊಣಕಾಲೂರುವ ಶಿಕ್ಷೆಯಾಯಿತು. ಮೊಣಕಾಲೂರಿಕೊಂಡೇ, ಕೊಲೆಗಾರ ಯಾರಿರಬಹುದು ಎಂದು ಯೋಚಿಸುತ್ತಿದ್ದೆ!

ಈಗ ಆ ತಾಯಿಯ ನೋಟ್‌ಬುಕ್ಕಿಗೆ ಬರೋಣ.

ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ಆಕೆ ಹೀಗೆ ಬರೆದಿದ್ದಾರೆ: 'ಕಥೆ ಬಿಗಿಯಾಗಿದೆ. ಆದರೆ ಮೊದಲ ಪುಟದಲ್ಲಿ ಸತ್ತವನಿಗಾಗಿ ಕೊನೆಯ ಪುಟದವರೆಗೂ ಒಬ್ಬರೂ ಅಳಲಿಲ್ಲ. ಅವನಿಗೆ ತಾಯಿ ಇದ್ದಳೋ ಇಲ್ಲವೋ ಅದನ್ನೂ ಬರೆದಿಲ್ಲ.' ಗುರುಮಠದಲ್ಲಿ ಕದ್ದು ಓದಿದ ಪುಸ್ತಕಗಳಲ್ಲಿ ಎಷ್ಟೋ ಹೆಣಗಳನ್ನು ದಾಟಿಕೊಂಡು ಹೋದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಸತ್ತವನು ನನಗೆ ಒಗಟಿನ ಮೊದಲ ಸಾಲು ಮಾತ್ರ ಆಗಿದ್ದ.

ಕೆ. ಎನ್. ಗಣೇಶಯ್ಯನವರು ಕೃಷಿ ವಿಜ್ಞಾನಿ. ಇತಿಹಾಸ, ಶಾಸನ, ವಿಜ್ಞಾನಗಳ ಸುಳಿವು ಹಿಡಿದು ಸಾಗುವ ರಹಸ್ಯ ಕಾದಂಬರಿಗಳನ್ನು ಬರೆದವರು. ಅವರದೊಂದನ್ನು ಓದಿ ಆಕೆ ಬರೆದದ್ದು: 'ನಮ್ಮ ಭೀಮಾ ದಂಡೆಯ ಸನ್ನತಿಯಲ್ಲೂ ಅಶೋಕನ ಕಾಲದ ಕಲ್ಲು ಇದೆಯಂತೆ. ಇಷ್ಟು ಹತ್ತಿರ ಇದ್ದು ನೋಡಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಬೇಕು.' ವಿವೇಕ ಶಾನಭಾಗರ 'ಘಾಚರ್ ಘೋಚರ್' ಎಂಬ ಕಿರುಕಾದಂಬರಿಯ ಬಗ್ಗೆ ಬರೆದಿರುವುದಂತೂ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅದರಲ್ಲಿ ಪತ್ತೇದಾರನಿಲ್ಲ. ಬಡತನದಿಂದ ಮೇಲೆದ್ದ ಒಂದು ಕುಟುಂಬವಿದೆ. ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನು ಮನೆಯವರು ಬೈದು ಓಡಿಸುತ್ತಾರೆ, ಕಥೆ ಹೇಳುವವನು ಸುಮ್ಮನಿರುತ್ತಾನೆ. ಕೊನೆಯಲ್ಲಿ ಏನೋ ಘೋರವಾದದ್ದು ನಡೆದಿರಬಹುದೆಂಬ ಅಂಜಿಕೆ ಉಳಿಯುತ್ತದೆ. 'ಇದರಲ್ಲಿ ಅಪರಾಧ ಆಯಿತೋ ಇಲ್ಲವೋ ಗೊತ್ತಿಲ್ಲ. ಆದರೆ ನನಗೆ ಬಹಳ ಭಯವಾಯಿತು. ಯಾಕೆಂದರೆ ಇವರು ನಮ್ಮಂಥವರೇ' ಎಂದು ಆಕೆ ಬರೆದಿದ್ದಾರೆ.

ಖೂನಿಯ ಕಥೆಗಳು ಓದುವವರನ್ನು ಕ್ರೂರರನ್ನಾಗಿ ಮಾಡುತ್ತವೆ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಹಾಗಿದ್ದರೆ ನಮ್ಮ ಪವಿತ್ರ ಗ್ರಂಥವನ್ನು ಏನು ಮಾಡೋಣ? ದಾನಿಯೇಲನ ಗ್ರಂಥದ 13ನೇ ಅಧ್ಯಾಯವನ್ನು ನೆನೆಯಿರಿ. ಊರಿನ ಇಬ್ಬರು ಹಿರಿಯರು ಸುಸನ್ನಳ ಮೇಲೆ ವ್ಯಭಿಚಾರದ ಆರೋಪ ಹೊರಿಸುತ್ತಾರೆ. ಹಿರಿಯರ ಮಾತೆಂದು ಜನ ನಂಬುತ್ತಾರೆ, ಮರಣದಂಡನೆಯೂ ಆಗುತ್ತದೆ. ಆಗ ತರುಣ ದಾನಿಯೇಲ ಆ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ಕಂಡಿರಿ? ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಸುಳ್ಳು ಬಯಲಾಗುತ್ತದೆ. ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1928ರಲ್ಲಿ ಪತ್ತೇದಾರಿ ಕಥೆಗಳ ಸಂಕಲನ ಮಾಡಿದಾಗ ಈ ಸುಸನ್ನಳ ಕಥೆಯನ್ನೂ ಅದರಲ್ಲಿ ಸೇರಿಸಿದರು.

ಮುಖ ನೋಡಿ ತೀರ್ಪು ಕೊಡಬೇಡ, ಎಲ್ಲರೂ ಹೇಳಿದರೆಂದು ನಂಬಬೇಡ, ಕೇಳು, ಪರೀಕ್ಷಿಸು ಎಂಬುದೇ ಒಳ್ಳೆಯ ಪತ್ತೇದಾರಿ ಕಥೆಯ ನೀತಿಯಲ್ಲವೇ? ಅದು ಕೇವಲ ಪುಸ್ತಕದ ನೀತಿ ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ನನಗೆ ಕಲಿಸಿದವರು ಇದೇ ತಾಯಿ. ನಾಚಿಕೆಯಿಂದಲೇ ಬರೆಯುತ್ತೇನೆ.

ಅವರ ಊರಿನಲ್ಲಿ ಹೆಣ್ಣುಮಕ್ಕಳ ಒಂದು ಉಳಿತಾಯದ ಸಂಘವಿದೆ. ವಾರಕ್ಕೊಮ್ಮೆ ಕೂಡಿ ಹಣ ಕಟ್ಟುತ್ತಾರೆ, ಸಾಲ ಕೊಡುತ್ತಾರೆ. ಒಂದು ದಿನ ಪೆಟ್ಟಿಗೆ ಎಣಿಸಿದಾಗ ಲೆಕ್ಕದ ಪುಸ್ತಕಕ್ಕಿಂತ 4,800 ರೂಪಾಯಿ ಕಡಿಮೆ ಬಂತು. ಸಭೆ ನಡೆಯುವ ಕೋಣೆಗೆ ಆ ವಾರ ಸುಣ್ಣ ಬಳಿದವನು ಹದಿನೇಳು ವರ್ಷದ ಒಬ್ಬ ಹುಡುಗ. ತಂದೆಯಿಲ್ಲ. ಮುಂಬಯಿಯಲ್ಲಿ ಕಟ್ಟಡದ ಕೆಲಸ ಮಾಡಿ ಆಗ ತಾನೇ ಬಂದಿದ್ದ. ಕೂದಲಿಗೆ ಬಣ್ಣ, ಕೈಯಲ್ಲಿ ಹೊಸ ಮೊಬೈಲು. ಯಾರೂ ಅವನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಅವನನ್ನೇ ನೋಡಿದರು. ನಾನೂ ನೋಡಿದೆ. ಅವನನ್ನು ಪಕ್ಕಕ್ಕೆ ಕರೆದು ಮೃದುವಾಗಿಯೇ ಕೇಳಿದೆ: "ಏನಾದರೂ ಹೇಳುವುದಿದ್ದರೆ ನನ್ನ ಹತ್ತಿರ ಹೇಳಪ್ಪಾ, ನಾನು ಯಾರಿಗೂ ಹೇಳುವುದಿಲ್ಲ." ಅದನ್ನು ಕರುಣೆ ಎಂದು ನಾನು ತಿಳಿದಿದ್ದೆ. ಅದು ತೀರ್ಪಾಗಿತ್ತು. ಹುಡುಗ ನೆಲ ನೋಡುತ್ತ ನಿಂತ, ಒಂದು ಮಾತೂ ಆಡಲಿಲ್ಲ. ಆ ಮೌನವನ್ನೂ ನಾನು ಒಪ್ಪಿಗೆ ಎಂದೇ ಓದಿಕೊಂಡೆ.

ಮಾರನೆಯ ದಿನ ಈ ತಾಯಿ ಸಂಘದ ಹೆಣ್ಣುಮಕ್ಕಳನ್ನು ಕೇಳಿದರಂತೆ: "ಕಡೀಕ ರೊಕ್ಕ ಎಣಿಸಿದವರು ಯಾರು? ಎಣಿಸಿ ಬರದ್ರೋ, ಬರದು ಎಣಿಸಿದ್ರೋ?" ಲೆಕ್ಕ ಬರೆಯುವ ಇಬ್ಬರನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿದರು. ಒಬ್ಬಾಕೆ, ಒಂದು ದೊಡ್ಡ ಸಾಲದ ಕಂತು ಬಂದಿದೆ, ಪುಸ್ತಕದಲ್ಲಿದೆಯಲ್ಲ ಎಂದರು. ಇನ್ನೊಬ್ಬಾಕೆ, ಅದು ನಾಳೆ ತರುತ್ತೇನೆ ಎಂದಿದ್ದರು, ತಂದಿರಬೇಕು ಎಂದರು. ತಂದಿರಲಿಲ್ಲ. ನಾಳೆ ಬರುತ್ತದೆಂಬ ನಂಬಿಕೆಯ ಮೇಲೆ ಇಂದೇ ಬರೆದಿದ್ದರು. ಕಟ್ಟಬೇಕಾದವರ ಮನೆಯಲ್ಲಿ ಮಗುವಿಗೆ ಜ್ವರ ಬಂದು ಅವರೂ ಮರೆತಿದ್ದರು. ಕಡಿಮೆ ಬಿದ್ದದ್ದು ಅಷ್ಟೇ ಹಣ. ಹೀಗೆ ಕಳ್ಳತನವೇ ಆಗಿರಲಿಲ್ಲ.

"ಎಲ್ಲರೂ ಒಬ್ಬನ್ನ ನೋಡ್ಲತ್ತಾರ ಅಂದ್ರ ಅಂವ ಇರಲಿಕ್ಕಿಲ್ಲ ಅನಿಸ್ತ್ರಿ. ಕಾದಂಬರ್ಯಾಗ ಹಂಗ ಇರ್ತದಲ್ರಿ" ಎಂದು ಆಕೆ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಹುಡುಗ ಯಾರಿಗೂ ಹೇಳದೆ ಮುಂಬಯಿಗೆ ಹೋಗಿಬಿಟ್ಟಿದ್ದ.

ಪ್ರಿಯ ವಾಚಕರೇ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತತ್ವಶಾಸ್ತ್ರ, ದೈವಶಾಸ್ತ್ರ ಓದಿದ ನಾನು ಎಡವಿದೆ, ಕಾದಂಬರಿ ಓದಿದ ಆಕೆ ಎಡವಲಿಲ್ಲ. ಆದರೆ ಆಕೆಯನ್ನು ಕಾದಂಬರಿಯೇ ಪೂರ್ತಿಯಾಗಿ ಕಾಪಾಡಿತೆನ್ನಲಾಗದು. ಪತ್ತೇದಾರಿ ಕಾದಂಬರಿಯಲ್ಲಿ ಮೊದಲು ಸಂಶಯಕ್ಕೆ ಒಳಗಾದವನು ನಿರಪರಾಧಿ ಇರಬಹುದು, ಆದರೆ ಕೊನೆಗೆ ಒಬ್ಬ ಅಪರಾಧಿ ಸಿಗಲೇಬೇಕು. ಇಲ್ಲದಿದ್ದರೆ ಓದುಗ ಪುಸ್ತಕವನ್ನು ಎಸೆಯುತ್ತಾನೆ. ಬದುಕಿನಲ್ಲಿ ಹಾಗಲ್ಲ. ಎಷ್ಟೋ ನಷ್ಟಗಳಿಗೆ ಅಪರಾಧಿಯೇ ಇಲ್ಲ. ಮಳೆ ಹೋಯಿತು, ಮರೆವು ಬಂತು, ಜ್ವರ ಬಂತು, ಅಷ್ಟೇ. ಆದರೂ ಮಾವ ಸತ್ತರೆ ಸೊಸೆಯ ಕಾಲ್ಗುಣ, ಎಮ್ಮೆ ಸತ್ತರೆ ಪಕ್ಕದ ಮನೆಯವಳ ಕಣ್ಣು ಎಂದು ಯಾರನ್ನಾದರೂ ಹುಡುಕುತ್ತೇವೆ. ಈ ಹುಡುಕಾಟ ನಮಗೆ ಪುಸ್ತಕದಿಂದ ಬಂದದ್ದಲ್ಲ, ಅದು ಮನುಷ್ಯನ ಹಳೆಯ ರೋಗ. ಕಾದಂಬರಿ ಅದನ್ನು ಬೆಳೆಸಲೂ ಬಲ್ಲದು, ವಾಸಿ ಮಾಡಲೂ ಬಲ್ಲದು.

ಜಿ. ಕೆ. ಚೆಸ್ಟರ್‌ಟನ್ನರ ಪತ್ತೇದಾರ ಫಾದರ್ ಬ್ರೌನ್ ಒಬ್ಬ ಕಥೋಲಿಕ ಗುರು. 1911ರಲ್ಲಿ ಅವನ ಕಥೆಗಳ ಮೊದಲ ಪುಸ್ತಕ ಬಂತು. ಫಾದರ್ ಜಾನ್ ಒಕಾನರ್ ಎಂಬ ನಿಜವಾದ ಗುರುವನ್ನು ನೋಡಿ ಚೆಸ್ಟರ್‌ಟನ್ ಆ ಪಾತ್ರವನ್ನು ಕಟ್ಟಿದರು. ಕೊಲೆಗಾರರನ್ನು ಹೇಗೆ ಕಂಡುಹಿಡಿಯುತ್ತೀರಿ ಎಂದು ಕೇಳಿದರೆ ಫಾದರ್ ಬ್ರೌನ್ ಹೇಳುವುದರ ಸಾರಾಂಶ ಇಷ್ಟು: ಈ ಕೊಲೆಯನ್ನು ನಾನೇ ಮಾಡಬಹುದಾಗಿತ್ತು ಎಂದು ಮನಸ್ಸಿನೊಳಗೆ ಒಪ್ಪಿಕೊಳ್ಳುವವರೆಗೂ ಯೋಚಿಸುತ್ತೇನೆ. ಬೆರಳನ್ನು ಮೊದಲು ತನ್ನ ಕಡೆಗೆ ತಿರುಗಿಸಿಕೊಳ್ಳುವವನಿಗೆ ಮಾತ್ರ ಇನ್ನೊಬ್ಬನ ಕಡೆ ತೋರಿಸುವ ಯೋಗ್ಯತೆ ಬರುತ್ತದೆ. ಆ ದಿನ ಹುಡುಗನ ಮುಂದೆ ನಿಂತಾಗ ನನ್ನಲ್ಲಿ ಇರಲಾರದ್ದು ಇದೇ.

ಇನ್ನು ಪ್ರೇಮದ ಕಾದಂಬರಿಗಳು. ಅತ್ತೆಯವರ ಹೆಚ್ಚಿನ ಸಿಟ್ಟು ಇವುಗಳ ಮೇಲೆಯೇ.

ನೋಟ್‌ಬುಕ್ಕಿನಲ್ಲಿ ಸಾಯಿಸುತೆಯವರ ಕಾದಂಬರಿಗಳಿವೆ, ತ್ರಿವೇಣಿಯವರಿದ್ದಾರೆ, ಹೆಸರು ಕೇಳದ ಹತ್ತಾರು ಮೊಬೈಲ್ ಧಾರಾವಾಹಿಗಳಿವೆ. ಈಚಿನ ಧಾರಾವಾಹಿಗಳಲ್ಲಿ ಒಪ್ಪಂದದ ಮದುವೆಯ ಕಥೆಗಳೇ ಹೆಚ್ಚಂತೆ: ಸಿರಿವಂತ, ಸಿಡುಕ ನಾಯಕ, ಬಡ, ಸಹನಶೀಲ ನಾಯಕಿ. ಅಂಥ ಒಂದರ ಬಗ್ಗೆ ಆಕೆ ಬರೆದಿದ್ದಾರೆ: 'ಇವನು ಮೂವತ್ತು ಕಂತು ಬೈಯುತ್ತಾನೆ, ಮೂವತ್ತೊಂದನೆಯದರಲ್ಲಿ ಪ್ರೀತಿ ಅನ್ನುತ್ತಾನೆ. ಬೈಯುವ ಗಂಡಸಿಗೆ ಒಳಗೆ ಪ್ರೀತಿ ಇರುತ್ತದೆ ಎಂದು ನಮ್ಮ ಹುಡುಗಿಯರು ನಂಬಿದರೆ ಹೇಗೆ? ನಮ್ಮ ಓಣಿಯಲ್ಲಿ ಹಾಗೆ ನಂಬಿ ಹಲ್ಲು ಕಳೆದುಕೊಂಡವರಿದ್ದಾರೆ.' ನನ್ನ ಎಷ್ಟು ಪ್ರಬೋಧನೆಗಳು ಈ ನಾಲ್ಕು ಸಾಲಿಗೆ ಸಮನಾಗುತ್ತವೆಯೋ ತಿಳಿಯದು.

ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದರ ಸುಮಾರಿಗೆ ತೀರಿಕೊಂಡವರು. ಅವರ 'ಶರಪಂಜರ'ದಲ್ಲಿ ಪ್ರೀತಿಸಿ ಮದುವೆಯಾದ ಹೆಣ್ಣೊಬ್ಬಳು ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಒಳಗಾಗುತ್ತಾಳೆ. ವಾಸಿಯಾಗಿ ಮನೆಗೆ ಬಂದರೂ ಮನೆ ಮತ್ತು ಸಮಾಜ ಅವಳನ್ನು ಹುಚ್ಚಿಯೆಂದೇ ಕಾಣುತ್ತವೆ. ನೋಟ್‌ಬುಕ್ಕಿನ ಮಾತು: 'ಬೇರೆಯವರ ಕಥೆ ತಾಳಿ ಕಟ್ಟಿದಲ್ಲಿ ಮುಗಿಯುತ್ತದೆ. ಇವರದು ಅಲ್ಲಿಂದ ಮುಂದೆ ಹೋಗುತ್ತದೆ.' ಕೊನೆಗೊಂದು ಸಾಲು, ತನ್ನ ಬಗ್ಗೆಯೇ: 'ನನ್ನ ಗಂಡ ಫೋನಿನಲ್ಲಿ ಮೂರೇ ಮಾತು ಕೇಳುತ್ತಾರೆ. ಊಟ ಆಯಿತೇ, ಮಕ್ಕಳು ಶಾಲೆಗೆ ಹೋದವೇ, ರೊಕ್ಕ ಮುಟ್ಟಿತೇ. ಕಾದಂಬರಿ ಓದುವ ಮೊದಲು ಇದೇ ಪ್ರೀತಿ ಎಂದು ತಿಳಿದಿದ್ದೆ. ಓದಲು ಹತ್ತಿದ ಮೇಲೆ ಸಂಶಯ ಬಂತು. ಬಹಳ ಓದಿದ ಮೇಲೆ ಇದೇ ಎಂದು ಮತ್ತೆ ತಿಳಿಯಿತು.'

ಆ ನಡುವಿನ ಸಾಲನ್ನು ನಾವು ಹಗುರವಾಗಿ ದಾಟಬಾರದು. 'ಓದಲು ಹತ್ತಿದ ಮೇಲೆ ಸಂಶಯ ಬಂತು.' ಅತ್ತೆಯವರ ಅಂಜಿಕೆ ಸುಳ್ಳೇನೂ ಅಲ್ಲ. ಪುಣೆಯ ಬಿಸಿಲಿನಲ್ಲಿ ಇಟ್ಟಿಗೆ ಹೊತ್ತು ದಣಿದ ಮನುಷ್ಯನನ್ನು, ಎಂದೂ ಬೆವರದ ಕಾಗದದ ನಾಯಕನ ಪಕ್ಕದಲ್ಲಿ ನಿಲ್ಲಿಸಿ ತೂಗುವುದು ಅನ್ಯಾಯ. ಆ ತಕ್ಕಡಿಯಲ್ಲಿ ಯಾವ ಗಂಡನೂ ಗೆಲ್ಲಲಾರ, ಯಾವ ಹೆಂಡತಿಯೂ ಗೆಲ್ಲಲಾರಳು.

ಸಂತ ಅಗುಸ್ತೀನರು ತಮ್ಮ ಆತ್ಮನಿವೇದನೆಯಲ್ಲಿ ಇಂಥದ್ದನ್ನೇ ನೆನೆದು ಪಶ್ಚಾತ್ತಾಪಪಟ್ಟಿದ್ದಾರೆ. ಪ್ರೇಮಕ್ಕಾಗಿ ಪ್ರಾಣಬಿಟ್ಟ ಡೈಡೊ ಎಂಬ ಕಥಾನಾಯಕಿಗಾಗಿ ಬಾಲ್ಯದಲ್ಲಿ ಕಣ್ಣೀರು ಸುರಿಸಿದ ಅವರು, ದೇವರಿಂದ ದೂರವಾಗಿದ್ದ ತಮ್ಮ ಸ್ಥಿತಿಗಾಗಿ ಒಂದು ಹನಿಯನ್ನೂ ಸುರಿಸಲಿಲ್ಲವಂತೆ. ಆವಿಲದ ಸಂತ ತೆರೇಸಮ್ಮನವರ ಮಾತು ಇನ್ನೂ ಹತ್ತಿರದ್ದು. ಅವರ ತಾಯಿಗೆ ಶೂರರ, ಪ್ರೇಮಿಗಳ ಸಾಹಸ ಕಥೆಗಳೆಂದರೆ ಬಹಳ ಇಷ್ಟ. ತಂದೆಗೆ ಅದು ಸೇರದು. ಆದ್ದರಿಂದ ತಾಯಿ ಮಕ್ಕಳು ತಂದೆಗೆ ಕಾಣದಂತೆ ಓದುತ್ತಿದ್ದರು. ಈ ಓದಿನಿಂದ ತನ್ನ ಭಕ್ತಿ ತಣ್ಣಗಾಯಿತೆಂದು ತೆರೇಸಮ್ಮನವರು ತಮ್ಮ ಆತ್ಮಚರಿತ್ರೆಯಲ್ಲಿ ಒಪ್ಪಿಕೊಳ್ಳುತ್ತಾರೆ. ಆದರೆ ತಾಯಿಯನ್ನು ದೂರುವುದಿಲ್ಲ. ತಾಯಿ ತನ್ನ ಕಷ್ಟಗಳನ್ನು ಮರೆಯಲು ಓದುತ್ತಿದ್ದಿರಬೇಕು, ಅದರಿಂದ ಆಕೆಯ ಕರ್ತವ್ಯಗಳಿಗೆ ಕುಂದು ಬರಲಿಲ್ಲ ಎನ್ನುತ್ತಾರೆ. ನೋಡಿ, ಒಂದೇ ಮನೆ, ಒಂದೇ ಪುಸ್ತಕ. ಒಬ್ಬರಿಗೆ ಅದು ವಿಶ್ರಾಂತಿ, ಇನ್ನೊಬ್ಬರಿಗೆ ಜಾರುವ ನೆಲ. ಹಾಗಾದರೆ ಪುಸ್ತಕಕ್ಕೆ ಮಾತ್ರ ಹೆಸರಿಟ್ಟು ಕೈತೊಳೆದುಕೊಳ್ಳಲು ಬರುತ್ತದೆಯೇ?

ಇದರರ್ಥ ಎಲ್ಲ ಪುಸ್ತಕಗಳೂ ಸಮ ಎಂದಲ್ಲ. ಹೆಣ್ಣಿನ ಅವಮಾನವನ್ನು ರುಚಿಯೆಂದು ಬಡಿಸುವ, ಹಿಂಸೆಯನ್ನು ಚಪ್ಪರಿಸುವ ಬರಹಗಳಿವೆ. ಅವನ್ನು ಮುಚ್ಚಿಡುವುದೇ ಸರಿ. ಪ್ರತಿ ಕಂತನ್ನೂ ತುದಿಯಲ್ಲಿ ನೇತುಹಾಕಿ, ಮುಂದಿನದಕ್ಕೆ ಹಣವನ್ನೂ ನಿದ್ದೆಯನ್ನೂ ಕೇಳುವ ಮೊಬೈಲ್ ಕಥೆಗಳಿವೆ. ಬೆಳಿಗ್ಗೆ ಮಕ್ಕಳ ಬುತ್ತಿ ಕಟ್ಟಲು ಏಳಲಾಗದಷ್ಟು ಓದಿದರೆ ಅದು ಓದಲ್ಲ, ಚಟ. ಇಷ್ಟನ್ನು ಆಕೆಗೂ ಹೇಳಿದೆ.

ಆದರೆ ನನ್ನ ಉತ್ತರದ ತಿರುಳು ಬೇರೆ. ಕಾದಂಬರಿಗೆ ಅಪರಾಧಿ ಬೇಕು, ನೆರೆಹೊರೆಗೆ ಬೇಕಾಗಿಲ್ಲ. ಕಾದಂಬರಿಗೆ ಸುಖಾಂತ್ಯ ಬೇಕು, ದಾಂಪತ್ಯಕ್ಕೆ ಅಂತ್ಯವೇ ಬೇಡ, ನಾಳೆ ಬೆಳಿಗ್ಗೆ ಮತ್ತೆ ಒಲೆ ಹೊತ್ತಿಸಿದರೆ ಸಾಕು. ಕಥೆಯನ್ನು ಕಥೆಯಾಗಿ ಓದಿ ಸಂತೋಷಪಡುವುದು ಪಾಪವಲ್ಲ. ಕಥೆಯ ಅಚ್ಚಿನಲ್ಲಿ ಜೀವಂತ ಮನುಷ್ಯರನ್ನು ಎರಕ ಹೊಯ್ಯುವುದು, ಇವನು ಕಳ್ಳನೇ ಇರಬೇಕು, ನನ್ನ ಗಂಡ ಹೀಗೇ ಮಾತಾಡಬೇಕು ಎಂದು ಹಟ ಹಿಡಿಯುವುದು, ಅಲ್ಲಿ ಪಾಪದ ಬಾಗಿಲು ತೆರೆಯುತ್ತದೆ. ಒಂದೇ ಒಂದು ಕಾದಂಬರಿ ಓದದವರೂ ಆ ಬಾಗಿಲಲ್ಲಿ ಹೋಗಬಲ್ಲರು. ಹುಡುಗನ ವಿಷಯದಲ್ಲಿ ನಾನು ಹೋಗಲಿಲ್ಲವೇ?

ಆ ತಾಯಿಯನ್ನು ಕಾಪಾಡಿದ್ದು ಆಕೆಯ ನೋಟ್‌ಬುಕ್ಕು. ಪುಸ್ತಕ ಮುಚ್ಚಿದ ಮೇಲೆ ಮೂರು ಸಾಲು ಬರೆಯುವವಳು ಕಥೆಯ ಪ್ರವಾಹದಲ್ಲಿ ಕೊಚ್ಚಿಹೋಗುವುದಿಲ್ಲ, ದಂಡೆಗೆ ಬಂದು ಕುಳಿತು ನೀರನ್ನು ನೋಡುತ್ತಾಳೆ. ಇದರಲ್ಲಿ ಯಾರು ಅಳಲಿಲ್ಲ? ಯಾರ ಮಾತನ್ನು ಯಾರೂ ಕೇಳಲಿಲ್ಲ? ಇದನ್ನು ನಂಬಿದರೆ ನಮ್ಮ ಓಣಿಯಲ್ಲಿ ಏನಾಗುತ್ತದೆ? ಜಗದ್ಗುರು ಫ್ರಾನ್ಸಿಸರು 2024ರ ಜುಲೈ ತಿಂಗಳಲ್ಲಿ ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು. ಕಥೆ ಕವಿತೆಗಳ ಓದು ಇನ್ನೊಬ್ಬರ ದನಿಗೆ ಕಿವಿಗೊಡುವುದನ್ನು ಕಲಿಸುತ್ತದೆ ಎಂಬುದು ಅದರ ಆಶಯ. ತರುಣರಾಗಿದ್ದಾಗ ಅವರೇ 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯ ಶಾಲೆಯೊಂದರಲ್ಲಿ ಸಾಹಿತ್ಯ ಕಲಿಸಿದ್ದವರು.

ಆದ್ದರಿಂದ ಮನೆಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಸೊಸೆಯ ಕೈಯಲ್ಲೋ ಮಗಳ ಕೈಯಲ್ಲೋ ಪುಸ್ತಕ ಕಂಡರೆ ಬೈಯುವ ಮೊದಲು, 'ಕಥೆ ಏನು ಹೇಳವ್ವಾ' ಎಂದು ಕೇಳಿ. ಕದ್ದು ಓದಿದ ಪುಸ್ತಕ ಒಳಗೇ ಕೊಳೆಯಬಹುದು. ಹತ್ತು ಜನರೊಡನೆ ಮಾತಾಡಿದ ಪುಸ್ತಕಕ್ಕೆ ಗಾಳಿ ಬೆಳಕು ಸಿಗುತ್ತದೆ. ಓದುವವರಲ್ಲೂ ಒಂದು ಬೇಡಿಕೆ. ಕೊನೆಯ ಪುಟ ಮುಗಿದ ಮೇಲೆ ಮೂರು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಯಾರಿಗಾದರೂ ಹೇಳಿ.

ನೋಟ್‌ಬುಕ್ಕನ್ನು ಹಿಂದಿರುಗಿಸುವಾಗ ಇದನ್ನೆಲ್ಲ ಆಕೆಗೂ, ಪಕ್ಕದಲ್ಲೇ ಕುಳಿತಿದ್ದ ಅತ್ತೆಯವರಿಗೂ ಹೇಳಿದೆ. ಅತ್ತೆಯವರು ಪೂರ್ತಿ ಒಪ್ಪಲಿಲ್ಲ. "ಓದಲಿ ಬಿಡ್ರಿ, ಆದ್ರ ದೀಪ ಲಗೂನ ಆರಸಲಿ" ಎಂದರು. ಅದೂ ನ್ಯಾಯವೇ.

ಆ ಹುಡುಗನಿಗೆ ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ ಫಾದರ್" ಎಂದ. ಅಷ್ಟೇ. ಆ ವರ್ಷದ ಕ್ರಿಸ್ಮಸ್ಸಿಗೆ ಅವನು ಊರಿಗೆ ಬರಲಿಲ್ಲ. ಅವನ ತಾಯಿ ಒಬ್ಬರೇ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಈಗಲೂ ಅವನಿಗೆ ಆಗಾಗ ಫೋನ್ ಮಾಡುತ್ತೇನೆ.

ನೋಟ್‌ಬುಕ್ಕಿನ ಕೊನೆಯ ಬರಹ ಯಾವ ಕಾದಂಬರಿಯ ಬಗ್ಗೆಯೂ ಅಲ್ಲ. ಮೇಲೆ ಪುಸ್ತಕದ ಹೆಸರಿಲ್ಲ, ತಾರೀಖು ಮಾತ್ರ ಇದೆ. ಅದರ ಕೆಳಗೆ ಎರಡು ಸಾಲು:

'ಈ ಕಥೆಯಲ್ಲಿ ಕಳ್ಳ ಇಲ್ಲ. ಆದರೂ ಒಬ್ಬನಿಗೆ ಶಿಕ್ಷೆ ಆಗಿದೆ.'